ಕಪಾಟಿನ ಕಾಲಿನ ನೀರು

ಮಕ್ಕಳ ಡಾಕ್ಟರ್ ಓದುವ ಸೀಟು ಸಿಕ್ಕಿದೆ ಎನ್ನುವುದನ್ನು ಮಗಳು ಬೆಳಿಗ್ಗೆ ಬಟ್ಟೆ ಒಣಗಲು ಹಾಕುವಾಗ ಹೇಳಿದಳು. ಅದನ್ನು ಬಿಡುತ್ತೇನೆ ಎನ್ನುವುದನ್ನು ಸಂಜೆ ಊಟಕ್ಕೆ ಕೂತಾಗ ಹೇಳಿದಳು. ನಡುವಿನ ಒಂದು ಹಗಲು ಮಾತ್ರ ಆ ಮನೆಯವರು ಖುಷಿಯಾಗಿದ್ದರು.

ಆ ಹಗಲು ತಾಯಿ ಮೊಟ್ಟೆ ತರಿಸಿದ್ದಳು. ಆಫೀಸು ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುವ ತಂದೆ, ಹತ್ತಿದವರಿಗೆಲ್ಲ ಸುದ್ದಿ ಹೇಳಿದ್ದ. ಮೇಲಿನ ಮಹಡಿಯವರಿಗೆ ವಿವರವಾಗಿ, ಒಂದನೇ ಮಹಡಿಯಲ್ಲಿ ಇಳಿಯುವವರಿಗೆ ಚುಟುಕಾಗಿ. ಫ್ರಿಜ್ ರಿಪೇರಿ ಮಾಡುವ ಮಗ ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಬೇಗ ಮನೆಗೆ ಬಂದಿದ್ದ. ಅಂಗಡಿಯಲ್ಲಿ ಶರ್ಟು ಮಡಿಸುವ ಸೊಸೆ ಮಾತ್ರ ಎಂದಿನ ಹೊತ್ತಿಗೇ ಬಂದು, ಕೈಕಾಲು ತೊಳೆದು, ಅನ್ನ ಬಡಿಸತೊಡಗಿದ್ದಳು.

"ಬಿಡೋದು ಅಂದ್ರೆ?" ಎಂದ ಮಗ. ತಟ್ಟೆಯಿಂದ ತಲೆ ಎತ್ತಲಿಲ್ಲ.

"ಬೇರೆ ಕೋರ್ಸಿಗೆ ಅರ್ಜಿ ಹಾಕಿದೀನಿ ಅಣ್ಣ. ಸಾರ್ವಜನಿಕ ಆರೋಗ್ಯ ಮತ್ತು ಉಷ್ಣವಲಯದ ಕಾಯಿಲೆಗಳು ಅಂತ. ಬೇರೆ ಊರು. ಒಂದು ಸಂದರ್ಶನ ಇದೆ."

"ಉಷ್ಣ ಅಂದ್ರೆ ಬಾಯಿ ಹುಣ್ಣು, ಕಣ್ಣುರಿ, ಅದಾ?" ತಾಯಿ ಕೇಳಿದಳು. "ಅದನ್ನೂ ಓದ್ತಾರಾ? ಎಳನೀರು ಕುಡಿದ್ರೆ ಹೋಗುತ್ತೆ."

"ಅದಲ್ಲಮ್ಮ. ಬಿಸಿಲಿನ ಸೀಮೆಗಳಲ್ಲಿ ಬರೋ ಕಾಯಿಲೆಗಳು. ಮಲೇರಿಯಾ, ಕಾಲರಾ, ಡೆಂಗಿ. ಹೇಗೆ ಬರುತ್ತೆ, ಬರದ ಹಾಗೆ ಏನು ಮಾಡ್ಬೇಕು ಅಂತ."

ಸೊಸೆಯ ಕೈಯಲ್ಲಿನ ಸೌಟು ಪಾತ್ರೆಯ ಮೇಲೆ ನಿಂತಿತು. ಕೊನೆಯ ಹೆಸರನ್ನು ಆ ಮನೆಯಲ್ಲಿ ಒಂದು ವರ್ಷದಿಂದ ಯಾರೂ ಬಾಯಿಗೆ ತಂದಿರಲಿಲ್ಲ. 'ಆ ಜ್ವರ' ಎನ್ನುತ್ತಿದ್ದರು.

"ಇದರಲ್ಲಿ ರೋಗಿ ಎಲ್ಲಿರ್ತಾನೆ?" ಎಂದ ಮಗ.

"ರೋಗಿ ಆಗೋಕೆ ಮುಂಚೆನೇ ತಡೆಯೋದು."

"ಅಂದ್ರೆ ರೋಗಿನೇ ಇಲ್ಲದ ಡಾಕ್ಟ್ರು. ಸೊಳ್ಳೆ ಡಾಕ್ಟ್ರು. ಚೆನ್ನಾಗಿದೆ. ಸೊಳ್ಳೆ ಫೀಸು ಕೊಡುತ್ತಾ ಕೇಳ್ಕೋ."

ತಂದೆ ನಕ್ಕ. ಯಾರೂ ಜೊತೆಗೆ ನಗದಿದ್ದರಿಂದ ಕೆಮ್ಮಿದ.

ಮಗ ಕೈ ತೊಳೆದು ಎದ್ದ. ಮೊಟ್ಟೆ ತಟ್ಟೆಯಲ್ಲೇ ಉಳಿಯಿತು. ಬಾಗಿಲ ಬಳಿ ನಿಂತು, "ಆವತ್ತು ಆ ವಾರ್ಡಲ್ಲಿ ಮಕ್ಕಳ ಡಾಕ್ಟ್ರು ಒಬ್ಬರಿದ್ರು," ಎಂದ. "ಅವರೂ ಬರೋ ಹೊತ್ತಿಗೆ ಮುಗಿದಿತ್ತು. ಇನ್ನೊಬ್ಬರು ಇದ್ದಿದ್ರೆ ಅಂತ ನಾನು ದಿನಾ ಯೋಚ್ನೆ ಮಾಡ್ತೀನಿ. ಆ ಇನ್ನೊಬ್ಬಳು ನೀನಾಗ್ತೀಯ ಅಂತಾನೇ ಈ ಒಂದು ವರ್ಷ ನಿನ್ನನ್ನ ಓದಿಸಿದ್ದು."

ಇಷ್ಟು ಹೇಳಿ ಅಂಗಳಕ್ಕೆ ಹೋಗಿ, ಯಾರದೋ ಫ್ರಿಜ್ಜಿನ ಹಿಂಭಾಗ ಬಿಚ್ಚತೊಡಗಿದ.

ಅವನ ಪುಟ್ಟ ಮಗಳು ಹುಟ್ಟಿದಾಗಿನಿಂದ ದುಂಡಗಿದ್ದಳು. ಎಲ್ಲರೂ ಬಟಾಣಿ ಎನ್ನುತ್ತಿದ್ದರು. ಹೋದ ವರ್ಷ ಮಳೆಗಾಲದ ಕೊನೆಗೆ ಜ್ವರ ಬಂತು. ಜ್ವರ ಇಳಿಯಿತೆಂದು ಎಲ್ಲರೂ ಉಸಿರು ಬಿಟ್ಟ ದಿನವೇ ಕೈಕಾಲು ತಣ್ಣಗಾದವು. ಡಾಕ್ಟರ್ ಓದುತ್ತಿದ್ದ ತಂಗಿ ಆಗ, ಮಗುವನ್ನು ಸೇರಿಸಿದ್ದ ಆಸ್ಪತ್ರೆಯಲ್ಲೇ ಓದಿನ ಕೊನೆಯ ವರ್ಷದ ಡ್ಯೂಟಿ ಮಾಡುತ್ತಿದ್ದಳು, ಬೇರೆ ವಾರ್ಡಿನಲ್ಲಿ. ಯಾರೋ ಕರೆದರು, ಮೆಟ್ಟಿಲು ಹತ್ತಿ ಓಡಿದಳು. ಮಕ್ಕಳ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರಂತೆ ಮಲಗಿಸಿದ್ದರು. ಬಟಾಣಿಯ ಪಕ್ಕ ಮಲಗಿದ್ದ ಬೇರೆ ಯಾರದೋ ಮಗು ಎದ್ದು ಕೂತು, ಸುಮ್ಮನೆ ನೋಡುತ್ತಿತ್ತು.

ತಂದೆಗೆ ಒಂದು ಹಳೆಯ ತಮಾಷೆ ಇತ್ತು. ಮಗಳು ಡಾಕ್ಟರ್ ಓದಲು ಸೇರಿದಾಗಿನಿಂದ ಎಲ್ಲರ ಮುಂದೆ ಹೇಳುತ್ತಿದ್ದ: ನಾನು ಜೀವನಪೂರ್ತಿ ಜನರನ್ನ ಮೇಲಕ್ಕೆ ಕಳಿಸಿದೀನಿ, ಇನ್ನು ನೀನು ಕಳಿಸು. ಆ ಮಳೆಗಾಲದ ನಂತರ ಅದನ್ನು ಹೇಳುವುದು ಬಿಟ್ಟ. ಅವನಲ್ಲಿ ಬದಲಾದದ್ದು ಹೊರಗೆ ಕಂಡಷ್ಟು ಇದೊಂದೇ.

ಮುಂದಿನ ದಿನಗಳಲ್ಲಿ ಅಣ್ಣ ತಂಗಿಯ ಜೊತೆ ನೇರವಾಗಿ ಮಾತಾಡಲಿಲ್ಲ. ಹೇಳಬೇಕಾದ್ದನ್ನು ತಾಯಿಯ ಮೂಲಕ, ಒಮ್ಮೊಮ್ಮೆ ಗೋಡೆಯ ಮೂಲಕ ಹೇಳಿದ. ಸೊಳ್ಳೆ ಡಾಕ್ಟ್ರಿಗೆ ಚಹಾ ಬೇಕಂತಾ ಕೇಳಮ್ಮ. ಸೊಳ್ಳೆ ಡಾಕ್ಟ್ರು ಸ್ನಾನದ ಮನೆಯಲ್ಲಿ ಎಷ್ಟು ಹೊತ್ತು ಇರ್ತಾರಂತೆ. ತಾಯಿ ಹಗಲೆಲ್ಲ ಶರ್ಟುಗಳ ಅಂಚು ಹೊಲಿಯುತ್ತ ಕೂರುತ್ತಿದ್ದಳು. ಹೊಲಿಗೆಯಿಂದ ಕಣ್ಣು ತೆಗೆಯದೆ ಎರಡೂ ಕಡೆಯ ಮಾತನ್ನು ಅತ್ತಿತ್ತ ದಾಟಿಸುತ್ತಿದ್ದಳು, ದಾಟಿಸುವಾಗ ಒರಟನ್ನು ಸ್ವಲ್ಪ ಕತ್ತರಿಸುತ್ತಿದ್ದಳು. ತನ್ನ ಅಭಿಪ್ರಾಯವನ್ನೂ ಮಗಳಿಗೆ ಮುಚ್ಚಿಡಲಿಲ್ಲ. ಮಕ್ಕಳ ಡಾಕ್ಟರಾದರೆ ಮನೆಯಿಂದಲೇ ಓಡಾಡಬಹುದು, ಕಾಲೇಜು ಎರಡು ಬಸ್ಸು ಬದಲಿಸಿದರೆ ಸಿಗುತ್ತದೆ, ಬೀದಿಯ ಹೆಂಗಸರೆಲ್ಲ ಮಕ್ಕಳನ್ನು ಎತ್ತಿಕೊಂಡು ಇವಳ ಹತ್ತಿರವೇ ಬರುತ್ತಾರೆ. ಆ ಇನ್ನೊಂದು ಓದನ್ನು ಓದಿದವರು ಯಾರು ಎಲ್ಲಿ ಕೂತಿರುತ್ತಾರೆ ಎನ್ನುವುದೇ ಅವಳಿಗೆ ತಿಳಿಯಲಿಲ್ಲ.

"ಬೋರ್ಡಾದ್ರೂ ಹಾಕ್ತಾರಾ?"

"ಇಲ್ಲಮ್ಮ."

"ಮತ್ತೆ ಡಾಕ್ಟ್ರು ಅಂತ ಹೇಗೆ ಗೊತ್ತಾಗ್ಬೇಕು?"

"ಗೊತ್ತಾಗಲ್ಲ. ಕಾಯಿಲೆ ಬರ್ಲಿಲ್ಲ ಅಂತ ಯಾರಾದ್ರೂ ಬಂದು ಹೇಳ್ತಾರಾ?"

ತಾಯಿ ದಾರ ಕಡಿದಳು. ಅದು ಉತ್ತರವೇ ಅಲ್ಲ ಎನ್ನುವಂತೆ ಸೂಜಿಯನ್ನು ಬೆಳಕಿಗೆ ಹಿಡಿದಳು.

ಸೊಸೆ ಈ ಜಗಳಕ್ಕೆ ಸೇರಲಿಲ್ಲ. ಬೆಳಿಗ್ಗೆ ಅಡುಗೆ, ಅಂಗಡಿ, ಸಂಜೆ ಮತ್ತೆ ಅಡುಗೆ. ಅಂಗಡಿಯಲ್ಲಿ ಶರ್ಟಿನ ಬೆನ್ನಿಗೆ ರಟ್ಟು ಕೊಟ್ಟು, ತೋಳು ಹಿಂದಕ್ಕೆ ತಂದು, ಪಿನ್ನು ಚುಚ್ಚಿ ಮಡಿಸುತ್ತಿದ್ದಳು. ಆ ಅಭ್ಯಾಸ ಕೈಗೆ ಹತ್ತಿ, ಮನೆಯಲ್ಲಿ ಟವೆಲ್ಲನ್ನೂ ಹಾಗೇ ಮಡಿಸುತ್ತಿದ್ದಳು. ಬಟಾಣಿಯ ಫ್ರಾಕುಗಳು ಕೋಣೆಯ ಪೆಟ್ಟಿಗೆಯಲ್ಲಿ ಹಾಗೇ ಪಿನ್ನು ಚುಚ್ಚಿಕೊಂಡು, ಮಾರಾಟಕ್ಕೆ ಇಟ್ಟಂತೆ, ಒಂದರ ಮೇಲೊಂದು ಇದ್ದವು.

ಸಂದರ್ಶನಕ್ಕೆ ಬರುವವರು ತಮ್ಮ ಸುತ್ತಮುತ್ತ ನೀರು ನಿಲ್ಲುವ ಜಾಗಗಳನ್ನು ನೋಡಿಕೊಂಡು ಬಂದು, ಅದರ ಬಗ್ಗೆ ಮಾತಾಡಬೇಕೆಂದು ಆ ಕೋರ್ಸು ನಡೆಸುವ ಸಂಸ್ಥೆಯವರು ಹೇಳಿದ್ದರು. ಮಗಳು ಒಂದು ಟಾರ್ಚು, ಒಂದು ಹಳೆಯ ಸೌಟು ಹಿಡಿದು ಹೊರಟಳು. ಮೊದಲು ಕೈ ಹಾಕಿದ್ದು ಅಣ್ಣನ ಫ್ರಿಜ್ಜುಗಳಿಗೆ. ರಿಪೇರಿಗೆ ಬಂದವು ಅಂಗಳದ ತಗಡಿನ ಸೂರಿನ ಕೆಳಗೆ ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಹಿಂದೆ ಐಸು ಕರಗಿದ ನೀರು ಬೀಳುವ ತಟ್ಟೆ ಇರುತ್ತದೆ, ಸೊಳ್ಳೆಗಳಿಗೆ ಅದು ಪ್ರಿಯವಾದ ಜಾಗ. ಅವಳು ಬಗ್ಗಿ ತಟ್ಟೆ ಎಳೆಯುವುದನ್ನು ಅಣ್ಣ ನೋಡಿದ. ಗೋಡೆಯನ್ನು ಬಿಟ್ಟು ನೇರವಾಗಿಯೇ ಹೇಳಿದ.

"ನನ್ನ ಹೊಟ್ಟೆಪಾಡಿನ ಮೇಲೆ ಬಂತಾ ನಿನ್ನ ಓದು?"

"ನೋಡ್ತಿದೀನಿ ಅಷ್ಟೇ."

"ನೋಡು. ಒಂದೊಂದನ್ನೂ ನೋಡು. ಮಗು ಹೋದ್ಮೇಲೆ ಈ ಅಂಗಳದಲ್ಲಿ ಒಂದು ತೊಟ್ಟು ನೀರು ನಿಲ್ಲೋಕೆ ಬಿಟ್ಟಿಲ್ಲ ನಾನು."

ನಿಜವಾಗಿಯೂ ಎಲ್ಲ ತಟ್ಟೆಗಳೂ ಒರೆಸಿ ಒಣಗಿದ್ದವು. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದರಿಂದ ಹಿತ್ತಿಲಲ್ಲಿ ಡ್ರಮ್ಮುಗಳಿದ್ದವು. ಅವಕ್ಕೆ ತಂದೆ ತಾನೇ ಅಳತೆ ಹಿಡಿದು ಬಿಗಿಯಾದ ಮುಚ್ಚಳ ಮಾಡಿಸಿದ್ದ. ಮಗಳು ಬೀದಿಗೆ ಹೋದಳು. ಪಂಕ್ಚರ್ ಅಂಗಡಿಯ ಟೈರು, ಕಟ್ಟುತ್ತಿರುವ ಮನೆಯ ತೊಟ್ಟಿ, ಮಹಡಿ ಮೇಲಿನ ಒಡೆದ ಬಕೆಟ್ಟು, ಎಲ್ಲೆಲ್ಲೂ ಸೊಳ್ಳೆ ಮರಿ ಸಿಕ್ಕವು. ಮನೆಗೆ ಬಂದು ಹೇಳಿದಾಗ ತಾಯಿಗೆ ಒಳಗೊಳಗೇ ಹೆಮ್ಮೆಯಾಯಿತು. ಊರಿನವರ ಮನೆ ಹೇಗಾದರೂ ಇರಲಿ, ನಮ್ಮ ಮನೆಯಲ್ಲಿ ಒಂದು ತೋರಿಸು ನೋಡೋಣ ಎಂದಳು.

ಅಡುಗೆಮನೆಯಲ್ಲಿ ಒಂದು ಜಾಲರಿ ಬಾಗಿಲಿನ ಕಪಾಟು ಇತ್ತು. ಊರಿಗೆಲ್ಲ ಫ್ರಿಜ್ ಸರಿಮಾಡುವ ಮಗ ಸ್ವಂತ ಮನೆಯದನ್ನು ನಾಳೆ ಮಾಡುತ್ತೇನೆ ಎನ್ನುತ್ತಲೇ ವರ್ಷಗಳನ್ನು ತಳ್ಳಿದ್ದ. ಹಾಗಾಗಿ ಹಾಲು, ಸಕ್ಕರೆ, ಬ್ರೆಡ್ಡು, ಉಳಿದ ಅನ್ನ ಎಲ್ಲ ಆ ಕಪಾಟಿನಲ್ಲೇ. ಇರುವೆ ಹತ್ತದಿರಲೆಂದು ಅದರ ನಾಲ್ಕು ಕಾಲುಗಳನ್ನು ನಾಲ್ಕು ಕಪ್ಪು ಡಬ್ಬಿಗಳಲ್ಲಿ ಇಟ್ಟು ನೀರು ತುಂಬಿಸಿದ್ದರು. ಡಬ್ಬಿಗಳನ್ನು ಯಾವುದೋ ಹಳೆಯ ಯಂತ್ರದಿಂದ ಕತ್ತರಿಸಿ ಕೊಟ್ಟವನು ಮಗ. ಇದ್ದ ನೀರು ಚೆಲ್ಲಬಾರದು, ಕಮ್ಮಿಯಾದಷ್ಟು ಮಾತ್ರ ಮೇಲಿನಿಂದ ಹಾಕಬೇಕು ಎನ್ನುವುದು ತಾಯಿಯ ಕಟ್ಟುನಿಟ್ಟು. ದಿನ ಬಿಟ್ಟು ದಿನ ನೀರು ಬರುವ ಮನೆಯಲ್ಲಿ ಅದು ಬುದ್ಧಿವಂತಿಕೆ. ಆ ನೀರು ಹಾಕುವ ಕೆಲಸ ಬಟಾಣಿಯದಾಗಿತ್ತು. ಸೊಟ್ಟಗಾದ ಒಂದು ಪುಟ್ಟ ಲೋಟ ಹಿಡಿದು, ಬೆಳಿಗ್ಗೆ ಕಪಾಟಿನ ಕೆಳಗೆ ಹೊಟ್ಟೆಯ ಮೇಲೆ ಮಲಗಿ, ನಾಲ್ಕಕ್ಕೂ ಹಾಕುತ್ತಿದ್ದಳು. ಏನು ಮಾಡ್ತಿದೀಯೇ ಎಂದರೆ, ಇರುವೆಗೆ ಸಮುದ್ರ ಮಾಡ್ತಿದೀನಿ ಎನ್ನುತ್ತಿದ್ದಳು.

ಈಗ ಅದನ್ನು ಸೊಸೆ ಮಾಡುತ್ತಿದ್ದಳು. ಅಂಗಡಿಗೆ ಹೊರಡುವ ಮುಂಚೆ, ಸೀರೆ ಎತ್ತಿ ಕಟ್ಟಿ, ಮಂಡಿಯೂರಿ, ಅದೇ ಲೋಟದಿಂದ. ಆ ಹೊತ್ತಿನಲ್ಲಿ ಅಡುಗೆಮನೆಗೆ ಯಾರೂ ಹೋಗುತ್ತಿರಲಿಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ.

ತಾಯಿಯ ಮಾತು ಕೇಳಿದ ಮರುದಿನ, ಅತ್ತಿಗೆ ಅಂಗಡಿಗೆ ಹೋದ ಮೇಲೆ, ಮಗಳು ಟಾರ್ಚು ಹಿಡಿದು ಕಪಾಟಿನ ಕೆಳಗೆ ನೋಡಿದಳು. ನಾಲ್ಕು ಡಬ್ಬಿಗಳಲ್ಲೂ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ಬೆಳಕು ಬಿದ್ದೊಡನೆ ತಳಕ್ಕೆ ಇಳಿದವು. ಅವಳು ಟಾರ್ಚು ಆರಿಸಿದಳು. ಆಮೇಲೆ ಡಬ್ಬಿಗಳನ್ನು ಹಿತ್ತಿಲಿಗೆ ಒಯ್ದು ಚೆಲ್ಲಿ, ಒಳಗಿನ ಅಂಚನ್ನು ತೆಂಗಿನ ನಾರಿನಿಂದ ಉಜ್ಜಿದಳು. ಸೊಳ್ಳೆಯ ಮೊಟ್ಟೆಗಳು ನೀರಿನ ಮೇಲಿನ ಅಂಚಿಗೆ ಅಂಟಿಕೊಂಡಿರುತ್ತವೆ, ಮೇಲಿನಿಂದ ನೀರು ಹಾಕಿದಾಗೆಲ್ಲ ಒಡೆಯುತ್ತವೆ. ತೊಳೆದ ಡಬ್ಬಿಗಳಿಗೆ ಅಣ್ಣನ ಯಂತ್ರದ ಎಣ್ಣೆ ಸುರಿದು ಕಾಲಿನಡಿ ಇಟ್ಟಳು. ಯಾರಿಗೂ ಹೇಳಲಿಲ್ಲ. ಹೇಳಬಾರದು ಎಂದೇ ಇದ್ದಳು.

ಸಂಜೆ ಸೊಸೆ ಕೇಳಿದಳು, "ಡಾಕ್ಟ್ರೇ, ಡಬ್ಬಿಗೆ ಎಣ್ಣೆ ಹಾಕಿದ್ದು ನೀನಾ?"

"ಹೌದು ಅತ್ತಿಗೆ. ಇರುವೆಗೆ ಎಣ್ಣೆನೇ ಒಳ್ಳೇದು. ದಿನಾ ಹಾಕೋ ಕೆಲ್ಸ ಇಲ್ಲ."

"ಕೆಲ್ಸ ಅಂತ ಯಾರು ಹೇಳಿದ್ದು?"

ಮರುದಿನ ಡಬ್ಬಿಗಳಲ್ಲಿ ಎಣ್ಣೆ ಇರಲಿಲ್ಲ. ಸೋಪು ಹಾಕಿ ತೊಳೆದು, ಹೊಸ ನೀರು ಹಾಕಿದ್ದಳು. ಮಗಳು ಉಪ್ಪು ಕಲಸಿದಳು. ಸೊಸೆ ರುಚಿ ನೋಡಿದವಳಂತೆ ಅದನ್ನೂ ಕಂಡುಹಿಡಿದು ಬದಲಿಸಿದಳು. ಕಡೆಗೆ ಮಗಳು, ಅತ್ತಿಗೆ ಅಂಗಡಿಗೆ ಹೋದ ಮೇಲೆ ನೀರು ಚೆಲ್ಲಿ ಉಜ್ಜಿ, ಅಷ್ಟೇ ನೀರು ಮತ್ತೆ ತುಂಬಿಸಿ ಇಡತೊಡಗಿದಳು. ಹೀಗೇ ನಡೆದಿದ್ದರೆ ನಡೆಯುತ್ತಿತ್ತು. ಆದರೆ ಮಧ್ಯೆ ಅವಳು ಸಂದರ್ಶನದ ತಯಾರಿಗೆಂದು ಹಾಸ್ಟೆಲಿನ ಗೆಳತಿಯರ ಬಳಿ ಇರಲು ಹೋದಳು. ವಾರಕ್ಕೂ ಮೇಲಾಯಿತು.

ಹಿಂತಿರುಗಿ ಬಂದದ್ದು ಒಂದು ಭಾನುವಾರ. ಮಕ್ಕಳ ಡಾಕ್ಟರ್ ಸೀಟಿಗೆ ಹೋಗಿ ಸೇರಿಕೊಳ್ಳಲು ಮರುದಿನವೇ ಕೊನೆ. ಮಧ್ಯಾಹ್ನ ಐದೂ ಜನ ಊಟಕ್ಕೆ ಕೂತಿದ್ದರು. ಮಗ ಒಳ್ಳೆಯ ಮಾತಿನಲ್ಲೇ ಶುರು ಮಾಡಿದ. ನಾಳೆ ನಾನೇ ಗಾಡಿಯಲ್ಲಿ ಕರ್ಕೊಂಡು ಹೋಗ್ತೀನಿ, ಸಹಿ ಹಾಕಿ ಬಾ ಎಂದ. ಮಗಳು ಇಲ್ಲ ಎಂದಳು. ಅವನು ಇನ್ನೂ ಒಳ್ಳೆಯ ಮಾತಿನಲ್ಲೇ, ಅವಳ ತಟ್ಟೆಗೆ ತಾನೇ ಅನ್ನ ಬಡಿಸಿ, ಇನ್ನೊಂದು ಸಲ ಕೇಳಿದ.

"ಇಲ್ಲ ಅಣ್ಣ. ವಾರ್ಡಲ್ಲಿ ನಿಂತು ಎಷ್ಟು ಮಕ್ಕಳನ್ನ ಹಿಡ್ಕೊಳ್ಳೋಕಾಗುತ್ತೆ? ಒಂದು ಮಂಚದ ಮೇಲೆ ಇಬ್ಬಿಬ್ಬರು. ಒಬ್ರು ಏಳೋ ಹೊತ್ತಿಗೆ ಮತ್ತಿಬ್ರು. ಬರೋ ಬಾಗಿಲು ಮುಚ್ಚೋರು ಯಾರೂ ಇಲ್ಲ."

"ನಂಗೆ ಎಷ್ಟೋ ಮಕ್ಕಳು ಬೇಡ. ಒಂದು ಇತ್ತು."

"ಅಣ್ಣ..."

"ನೀನು ಅದನ್ನ ಓದಿದ್ದಿದ್ರೆ, ಆವತ್ತು ಆ ಮಹಡಿ ಮೇಲೆ ಇದ್ದಿದ್ರೆ, ನನ್ನ ಮಗು ಇರ್ತಿತ್ತು. ಅದಕ್ಕೇ ನಿಂಗೆ ಆ ವಾರ್ಡ್ ಕಂಡ್ರೆ ಆಗಲ್ಲ. ಮುಖ ತೋರ್ಸೋಕಾಗದೆ ಸೊಳ್ಳೆ ಹಿಂದೆ ಹೋಗ್ತಿದೀಯ. ಹೇಡಿ."

ತಾಯಿ ಮಗನ ತೋಳು ಹಿಡಿದಳು. ತಂದೆ, ಊಟ ಮಾಡೋ, ಊಟ ಮಾಡೋ ಎಂದ. ಮಗಳು ಎದ್ದಳು. ಎದ್ದು ಹೊರಗೆ ಹೋಗಬಹುದಿತ್ತು. ಅವಳು ಅಡುಗೆಮನೆಗೆ ಹೋದಳು. ಕಪಾಟಿನ ಒಂದು ಕಾಲನ್ನು ಭುಜ ಕೊಟ್ಟು ಎತ್ತಿ, ಅದರಡಿಯ ಡಬ್ಬಿ ಎಳೆದುಕೊಂಡು ಬಂದು, ಅನ್ನದ ಪಾತ್ರೆಯ ಪಕ್ಕದಲ್ಲಿ ಇಟ್ಟು, ಮೇಲಿನಿಂದ ಟಾರ್ಚು ಹಾಕಿದಳು.

"ನೋಡು. ಯಾವ ಮಕ್ಕಳ ಡಾಕ್ಟ್ರಿದ್ರೂ ನಿನ್ನ ಮಗು ಉಳೀತಿರ್ಲಿಲ್ಲ. ಈ ನೀರು ಚೆಲ್ಲೋರು ಒಬ್ರಿದ್ದಿದ್ರೆ ಉಳೀತಿತ್ತು. ಕಚ್ಚಿದ್ದು ಇದೇ. ಇಲ್ಲೇ ಹುಟ್ಟಿ, ಇಲ್ಲೇ ಕಚ್ಚಿದ್ದು. ನಾನು ಓದೋದು ಇದನ್ನ."

ಡಬ್ಬಿಯೊಳಗೆ ಅವು ಕುಣಿಯುತ್ತಿದ್ದವು. ತಂದೆ ಕನ್ನಡಕ ಹಾಕಿಕೊಂಡು ಬಗ್ಗಿದ. ತಾಯಿ ಬಗ್ಗಲಿಲ್ಲ, ಏನಿದೆ ಏನಿದೆ ಎಂದು ಕೇಳುತ್ತಿದ್ದಳು, ಕೇಳುವುದನ್ನು ನಿಲ್ಲಿಸಿದಳು. ಮಗನ ಬಾಯಲ್ಲಿ ಅನ್ನವಿತ್ತು. ನುಂಗಲಿಲ್ಲ.

ಸೊಸೆ ನಿಧಾನವಾಗಿ ಕೇಳಿದಳು, "ಇದು ಅವಳು ಹಾಕ್ತಿದ್ದ ನೀರಾ?"

ತಂದೆ ಕನ್ನಡಕ ತೆಗೆದ.

"ಅವಳೇ ಹಾಕ್ತಿದ್ದ ನೀರಾ, ಡಾಕ್ಟ್ರೇ?"

ಅಷ್ಟು ಹೊತ್ತಿಗೆ ಮಗಳಿಗೆ ತಾನು ಮಾಡಿದ್ದು ಗೊತ್ತಾಗಿತ್ತು. ಟಾರ್ಚು ಆರಿಸಿದಳು. ಆರಿಸಿದರೂ ಡಬ್ಬಿ ಅಲ್ಲೇ ಇತ್ತು.

ಮರುದಿನ ಮಕ್ಕಳ ಡಾಕ್ಟರ್ ಸೀಟಿನ ಗಡುವು ಮುಗಿಯಿತು. ಯಾರೂ ಅದರ ಮಾತೆತ್ತಲಿಲ್ಲ. ಜಗಳದಲ್ಲಿ ಮಗಳು ಗೆದ್ದಿದ್ದಳು.

ಸೊಸೆ ನಾಲ್ಕು ಡಬ್ಬಿಗಳನ್ನೂ ತೆಗೆದು ಎಸೆದಳು. ಆಮೇಲೆ ಹೂಜಿಯ ನೀರು ಚೆಲ್ಲಿದಳು. ಸಂಜೆ ಅಂಗಡಿಯಿಂದ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು ಹಿತ್ತಿಲಿಗೆ ಹೋಗಿ ಡ್ರಮ್ಮುಗಳನ್ನು ಮಗುಚಿದಳು. ಮಾವ ಗಡ್ಡ ಕೆರೆಯಲು ಇಟ್ಟುಕೊಂಡ ಮಗ್ಗಿನ ನೀರು, ಅತ್ತೆ ಕಾಳು ನೆನೆಹಾಕಿದ್ದ ಪಾತ್ರೆ, ಕುಡಿಯಲು ಕಾಯಿಸಿ ಆರಿಸಿಟ್ಟದ್ದು, ಎಲ್ಲ ಚೆಲ್ಲಿ, ಒಳಗೆ ಕೈ ಹಾಕಿ ಅಂಚು ಉಜ್ಜಿ, ಬೋರಲು ಹಾಕಿದಳು. ನೀರು ಬರುವ ದಿನ ಎಲ್ಲರೂ ಒಂದೇ ಸಲ ಸ್ನಾನ, ಬಟ್ಟೆ, ಅಡುಗೆ ಮುಗಿಸಬೇಕು. ಬಾರದ ದಿನ ಬಾಯಾರಿದರೆ ಪಕ್ಕದ ಮನೆಗೆ ಹೋಗಬೇಕು. ತಾಯಿ ಮೊದಲ ದಿನ ಬೇಡ ಕಣೇ ಎಂದಳು. ಎರಡನೆಯ ದಿನ, ಇದ್ದ ನೀರು ಚೆಲ್ಲಬೇಡ ಎಂದು ಈ ಮನೆಗೆ ಕಲಿಸಿದವಳು ತಾನೇ ಎನ್ನುವುದು ನೆನಪಾಗಿ ಸುಮ್ಮನಾದಳು. ಆಮೇಲೆ ಅವಳ ಹೊಲಿಗೆ ಅಂಕುಡೊಂಕಾಗಿ ಬಂದು, ಅಂಗಡಿಯವರು ಶರ್ಟುಗಳನ್ನು ಬಿಚ್ಚಿ ಹೊಲಿಯಿರಿ ಎಂದು ವಾಪಸು ಕಳಿಸಿದರು.

ಮಗ ಮನೆಯ ಫ್ರಿಜ್ ಸರಿಮಾಡಿದ. ಒಂದೇ ಬೆಳಿಗ್ಗೆಯ ಕೆಲಸ ಅದು. ಸರಿಮಾಡಿ, ಒಳಗೆ ಲೈಟು ಹತ್ತುವುದನ್ನು ನೋಡಿ, ಬಾಗಿಲು ಮುಚ್ಚಿ, ಹಿಂಭಾಗದಲ್ಲಿ ಕೂತು ಅತ್ತ. ಆಮೇಲೆ ಅದನ್ನು ಯಾರಿಗೋ ಕೊಟ್ಟುಬಿಟ್ಟ. ಕಪಾಟಿಗೆ ಇರುವೆ ಹತ್ತಿದವು. ಸಕ್ಕರೆಯಲ್ಲಿ ಇರುವೆ, ಬ್ರೆಡ್ಡಿನಲ್ಲಿ ಇರುವೆ. ಚಹಾದ ಮೇಲೆ ತೇಲುವುದನ್ನು ತಂದೆ ಚಮಚದಿಂದ ತೆಗೆದು ಕುಡಿಯುತ್ತಿದ್ದ. ಇರುವೆ ಪುಡಿ ತರೋಣವೇ ಎಂದು ಯಾರೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಮಗಳು ಹಿತ್ತಿಲಿಗೆ ಹೋದಳು. ಅತ್ತಿಗೆ ಬೋರಲಾದ ಡ್ರಮ್ಮಿನ ತಳ ಉಜ್ಜುತ್ತಿದ್ದಳು. ಬೆರಳುಗಳ ತುದಿ ಸುಲಿದಿತ್ತು.

"ಅತ್ತಿಗೆ, ಒಂದು ಮಾತು ಕೇಳಿ. ಆವತ್ತು ನಾನು ಹೇಳಿದ್ದು ಸರಿಯಲ್ಲ. ಎಲ್ಲಿ ಕಚ್ಚಿತು ಅಂತ ಯಾರಿಗೂ ಗೊತ್ತಾಗಲ್ಲ. ಸ್ಕೂಲಲ್ಲಿ ಕಚ್ಚಿರ್ಬಹುದು, ಟೈರಿನ ಅಂಗಡಿ ಹತ್ರ ಕಚ್ಚಿರ್ಬಹುದು. ಆ ಸೊಳ್ಳೆ ನಮ್ಮ ಮನೇದೇ ಅಂತ ಹೇಳೋಕೆ ದಾರಿನೇ ಇಲ್ಲ. ಯಾವ ದೊಡ್ಡ ಡಾಕ್ಟ್ರನ್ನ ಬೇಕಾದ್ರೂ ಕೇಳಿ."

"ಆವತ್ತು ಗೊತ್ತಿತ್ತಲ್ಲ."

"ಸಿಟ್ಟಲ್ಲಿ ಹೇಳಿದೆ."

"ಸಿಟ್ಟಲ್ಲಿ ನಿಜ ಹೇಳ್ತಾರೆ. ಈಗ ಹೇಳ್ತಿರೋದು ನನ್ನ ಸಮಾಧಾನಕ್ಕೆ."

"ಇಲ್ಲ ಅತ್ತಿಗೆ. ಇದೇ ನಿಜ. ಆವತ್ತಿಂದು ಗೆಲ್ಲೋಕೆ ಹೇಳಿದ್ದು."

ಸೊಸೆ ನಾರನ್ನು ಕೆಳಗಿಟ್ಟಳು. ಮೊದಲ ಬಾರಿಗೆ ನೇರವಾಗಿ ನೋಡಿದಳು.

"ನೀನೂ ಅದೇ ಅಡುಗೆಮನೇಲಿ ಕೂತು ಉಂಡವಳು ತಾನೆ? ಅವಳು ಹೊಟ್ಟೆ ಮೇಲೆ ಮಲಗಿ ನೀರು ಹಾಕೋವಾಗ ಕಾಲಿಗೆ ಸಿಕ್ತಾಳೆ ಅಂತ ದಾಟಿಕೊಂಡು ಹೋಗ್ತಿದ್ದೆ. ಆಗ್ಲೂ ನೀನು ಡಾಕ್ಟ್ರೇ ಓದ್ತಿದ್ದೆ. ಆವಾಗ ಯಾಕೆ ಬಗ್ಗಿ ನೋಡ್ಲಿಲ್ಲ?"

ಸೊಸೆ ಮತ್ತೆ ಉಜ್ಜತೊಡಗಿದಳು.

ಸಂದರ್ಶನ ನಡೆದ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು. ಬೀದಿಯಲ್ಲಿ ಏನು ನೋಡಿದಿರಿ ಎಂದು ಕೇಳಿದರು. ಅವಳು ಟೈರು, ತೊಟ್ಟಿ, ಒಡೆದ ಬಕೆಟ್ಟುಗಳ ಬಗ್ಗೆ ಅಚ್ಚುಕಟ್ಟಾಗಿ ಹೇಳಿದಳು. ವಯಸ್ಸಾದ ಪ್ರೊಫೆಸರು, "ನಿಮ್ಮ ಮನೆಯೊಳಗೆ ನೋಡಿದ್ರಾ?" ಎಂದು ಕೇಳಿದರು. ನೋಡಿದೆ ಎಂದಳು. "ಏನು ಸಿಕ್ತು?"

"ಏನೂ ಸಿಗಲಿಲ್ಲ ಸಾರ್."

ಪ್ರೊಫೆಸರು ತಲೆಯಾಡಿಸಿ ಏನೋ ಬರೆದುಕೊಂಡರು. ಆ ಓದಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಅವಳಿಗೆ ಸೀಟು ಸಿಕ್ಕಿತು. ಮನೆಯಲ್ಲಿ ಹೇಳಿದಾಗ ತಂದೆ, ಸರಿ ಎಂದ. ಲಿಫ್ಟಿನಲ್ಲಿ ಯಾರಿಗೂ ಹೇಳಲಿಲ್ಲ.

ಹೊರಡುವ ದಿನ ನೀರು ಬಾರದ ದಿನವಾಗಿತ್ತು. ಅಣ್ಣ ಟ್ರಂಕನ್ನು ಬಸ್ಸಿನವರೆಗೆ ಹೊತ್ತು ತಂದ. ಟ್ರಂಕನ್ನು ಮೇಲೆ ಹಾಕಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಹೇಳಿದ, "ಓದು. ಚೆನ್ನಾಗಿ ಓದು. ರಜಕ್ಕೆ ಬಾ, ಬೇಡ ಅನ್ನಲ್ಲ. ಆದ್ರೆ ನಮ್ಮ ಮನೇಲಿ ಇನ್ಮೇಲೆ ಏನನ್ನೂ ಬಗ್ಗಿ ನೋಡ್ಬೇಡ."

"ಇಲ್ಲ ಅಣ್ಣ," ಎಂದಳು.

ಅತ್ತಿಗೆ ಹೊರಗೆ ಬಂದಿರಲಿಲ್ಲ. ಹೋಗಿ ಬರ್ತೀನಿ ಅತ್ತಿಗೆ ಎಂದಾಗ ಒಳಗಿನಿಂದ ಹೂಂ ಎಂದಿದ್ದಳು. ಆದರೆ ಚೀಲದಲ್ಲಿ ಒಂದು ಊಟದ ಡಬ್ಬಿ ಇತ್ತು. ತಾಯಿ ಕಟ್ಟಿದ್ದಿರಬೇಕು ಎಂದುಕೊಂಡಿದ್ದಳು. ಮಧ್ಯಾಹ್ನ ಬಸ್ಸಿನಲ್ಲಿ ತೆಗೆದು ನೋಡಿದರೆ, ಡಬ್ಬಿಗೆ ಸುತ್ತಿದ ಬಟ್ಟೆಯ ಮೂಲೆಗಳನ್ನು ಒಳಕ್ಕೆ ಮಡಿಸಿ, ಹಿಂದೆ ಒಂದು ಪಿನ್ನು ಚುಚ್ಚಿತ್ತು. ಅಂಗಡಿಯ ಶರ್ಟಿನ ಹಾಗೆ.

ಪಿನ್ನು ತೆಗೆದು ಮುಚ್ಚಳ ಬಿಚ್ಚಿದಳು. ಅನ್ನ, ಸುಲಿದ ಒಂದು ಮೊಟ್ಟೆ, ಸಕ್ಕರೆ ಉದುರಿಸಿದ ಎರಡು ತುಂಡು ಬ್ರೆಡ್ಡು. ಅವುಗಳ ಮೇಲೆಲ್ಲ ಇರುವೆಗಳಿದ್ದವು.

ಅವಳು ಒಂದೊಂದನ್ನೇ ಬೆರಳಿಗೆ ಹತ್ತಿಸಿಕೊಂಡು ಕಿಟಕಿಯ ಸರಳಿನ ಮೇಲೆ ಬಿಡತೊಡಗಿದಳು. ಪಕ್ಕದ ಸೀಟಿನ ಹೆಂಗಸು ಸ್ವಲ್ಪ ಹೊತ್ತು ನೋಡಿದಳು. ನೋಡಿ ನೋಡಿ ತಡೆಯಲಾರದೆ, "ಎಸೀಬಾರ್ದಾ ಅದನ್ನ? ಬಸ್ಸಲ್ಲಿ ಹತ್ತಿರ್ಬೇಕು, ಹಾಳು ಇರುವೆ," ಎಂದಳು.

"ಬಸ್ಸಿನವಲ್ಲ," ಎಂದಳು ಅವಳು. "ಇವು ನಮ್ಮ ಮನೇವು."

ಹೇಳಿ, ಅನ್ನ ಕಲಸಿ ತಿನ್ನತೊಡಗಿದಳು.